ಹೊಳೆಯ ಪುಸ್ತಕ ಹರಿಹರಕ್ಕೆ ಹೋದದ್ದು

ಹುಬ್ಬಳ್ಳಿಯಿಂದ ಬೆಳಿಗ್ಗೆ ಹೊರಡುವ ಪ್ಯಾಸೆಂಜರ್ ಗಾಡಿಯಲ್ಲಿ ಹೆಂಗಸರ ಡಬ್ಬಿ ತುಂಬಿಹೋಗಿತ್ತು. ಫೆಬ್ರುವರಿ ತಿಂಗಳ ಒಂದು ಶುಕ್ರವಾರ. ಶಾಲೆಗೆ ಮೂರು ದಿನದ ರಜೆ ಬರೆದುಕೊಟ್ಟು, ಮೂರನೇ ದರ್ಜೆಯ ಟಿಕೆಟ್ ತೆಗೆಸಿ, ಬಟ್ಟೆಯ ಚೀಲವೊಂದನ್ನು ಹಿಡಿದು ಹತ್ತಿದ್ದೆ. ದಾವಣಗೆರೆಗೆ ಹೆಚ್ಚುಕಡಿಮೆ ತೊಂಬತ್ತು ಮೈಲಿ. ಮದುವೆಗೆ ಹೊರಟವಳಲ್ಲ, ನೆಂಟರನ್ನು ನೋಡಲು ಹೊರಟವಳೂ ಅಲ್ಲ. ಬೀರುವಿನೊಳಗೆ ಬೀಗ ಹಾಕಿಟ್ಟಿದ್ದ ಒಂದು ಪುಸ್ತಕವನ್ನು ಬಿಡಿಸಿಕೊಳ್ಳಲು ಹೊರಟಿದ್ದೆ.

ಪುಸ್ತಕ ನನ್ನದೇ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ರದ್ದಿ ಅಂಗಡಿಯಲ್ಲಿ ಅದನ್ನು ಕಂಡು ಕೊಂಡಿದ್ದೆ. ಹೊಳೆಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ. ಯಾವ ಕಲ್ಲಿನ ಅಡಿಯಲ್ಲಿ ಯಾವ ಹುಳ ಬಾಳುತ್ತದೆ, ಅದನ್ನು ಯಾವ ಮೀನು ತಿನ್ನುತ್ತದೆ, ದಂಡೆಯ ಮರ ಕಡಿದರೆ ನೀರಿಗೆ ಏನಾಗುತ್ತದೆ, ಊರಿನ ಮೋರಿ ಬಂದು ಬಿದ್ದರೆ ಏನಾಗುತ್ತದೆ, ಎಲ್ಲ ಅದರಲ್ಲಿತ್ತು. ಮೂರು ಸಲ ಓದಿದ ಮೇಲೆ ಒಬ್ಬಳೇ ಓದಿ ಇಟ್ಟುಕೊಳ್ಳುವ ಪುಸ್ತಕ ಇದಲ್ಲ ಅನ್ನಿಸಿತು. ಕಾಲೇಜಿನಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಶಾಂತಾಳಿಗೆ ಅಂಚೆಯಲ್ಲಿ ಕಳಿಸಿದೆ. ಅವಳು ದಾವಣಗೆರೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಏಳೆಂಟು ಹೆಂಗಸರನ್ನು ಒಂದು ವಾಚನಾಲಯದ ಹಿಂದಿನ ಕೋಣೆಯಲ್ಲಿ ಸೇರಿಸಿ, ಇಂಗ್ಲಿಷ್ ಪುಸ್ತಕಗಳನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದಳು. ನನ್ನ ಒಪ್ಪಿಗೆಯಿಂದಲೇ ಅದನ್ನು ವಾಚನಾಲಯಕ್ಕೆ ದಾನ ಬರೆಸಿದಳು.

ಡಿಸೆಂಬರಿನಲ್ಲಿ ಅವಳ ಕಾಗದ ಬಂತು. ಆರನೇ ಅಧ್ಯಾಯ ಓದಿದ ದಿನ ಕಾರ್ಖಾನೆಗಳ ಕೊಳಚೆಯ ಮಾತು ಬಂದಿತ್ತಂತೆ. ಕೇಳುತ್ತಿದ್ದವರೊಬ್ಬರು ಹರಿಹರದ ಬಣ್ಣದ ಕಾರ್ಖಾನೆಯ ಸಾಹುಕಾರರಿಗೆ ಸಂಬಂಧಿಕರು. ಮರುವಾರ ಪುಸ್ತಕ ಬೀರುವಿನೊಳಗೆ ಹೋಗಿ ಬೀಗ ಬಿತ್ತು. ವಾಚನಾಲಯದ ಹೊಸ ಕಟ್ಟಡಕ್ಕೆ ಕೈಬಿಚ್ಚಿ ಕೊಟ್ಟವರು ಅದೇ ಸಾಹುಕಾರರು. "ನಾನು ಕೇಳಿ ಕೇಳಿ ಸಾಕಾಗಿದ್ದೇನೆ, ನೀನೇ ಬಾ" ಎಂದು ಶಾಂತಾ ಬರೆದಿದ್ದಳು.

ರಾಣೆಬೆನ್ನೂರು ದಾಟುವಾಗ ಬಿಸಿಲು ಏರಿತ್ತು. ಪಕ್ಕದಲ್ಲಿ ಮೆಣಸಿನಕಾಯಿ ಚೀಲ ಇಟ್ಟುಕೊಂಡಿದ್ದ ಹೆಂಗಸು ಸೀನುತ್ತಲೇ ಇದ್ದಳು, ನಾವೂ ಸೀನಿದೆವು. ಹರಿಹರದ ಸೇತುವೆಯ ಮೇಲೆ ಗಾಡಿ ನಿಧಾನವಾಯಿತು. ಕೆಳಗೆ ತುಂಗಭದ್ರೆ ಬೇಸಿಗೆಗೆ ಮೊದಲೇ ಬಡವಾಗಿ, ಮರಳಿನ ನಡುವೆ ಎರಡು ಮೂರು ಸೀಳಾಗಿ ಹರಿಯುತ್ತಿದ್ದಳು. ಊರಿನ ಕಡೆಯ ದಂಡೆಗುಂಟ ನೀರು ನೇರಳೆ ಬಣ್ಣಕ್ಕೆ ತಿರುಗಿತ್ತು. ಅದೇನೆಂದು ಮೆಣಸಿನಕಾಯಿಯವಳನ್ನು ಕೇಳಿದೆ. ನೂಲಿಗೆ ಬಣ್ಣ ಹಾಕಿದ ನೀರು, ದಿನಕ್ಕೊಂದು ಬಣ್ಣ ಇರುತ್ತದೆ ಎಂದಳು. ಅವಳ ಮಾತಿನಲ್ಲಿ ಬೇಸರವೂ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಅದೇ ನನಗೆ ಚುಚ್ಚಿತು.

ದಾವಣಗೆರೆ ತಲುಪಿದಾಗ ಗಿರಣಿಯ ಸೈರನ್ ಕೂಗುತ್ತಿತ್ತು, ಸ್ಟೇಷನ್ ಮುಂದಿನ ರಸ್ತೆಯ ತುಂಬ ಸೈಕಲ್ಲುಗಳು. ನಯಾಪೈಸೆ ಬಂದು ವರ್ಷಗಳಾಗಿದ್ದರೂ ಜಟಕಾದವನು ಎಂಟಾಣೆ ಎಂದೇ ಕೇಳಿದ. ಸಂಜೆ ಶಾಂತಾಳ ಅತ್ತೆ ಮಂಡಕ್ಕಿ ಕಲಸಿ, ಮೆಣಸಿನಕಾಯಿ ಬೋಂಡ ಕರಿದು ಮುಂದಿಟ್ಟರು. ನಾನು ಬಂದ ಕಾರಣ ಅವರಿಗೆ ಗೊತ್ತಿತ್ತು. ಒಂದು ಪುಸ್ತಕಕ್ಕೆ ಇಷ್ಟು ದೂರ ಬರಬೇಕಾ ಎಂದು ಕೇಳಿದರು. ಅದರಲ್ಲಿ ಏನಿದೆ ಎಂದು ಹೇಳತೊಡಗಿದೆ. ಕಲ್ಲಿನಡಿಯ ಹುಳ ಹೊಟ್ಟೆಯ ಸುತ್ತ ಮರಳಿನ ಕಣ ಅಂಟಿಸಿಕೊಂಡು ಗೂಡು ಕಟ್ಟುತ್ತದೆ ಎಂಬಲ್ಲಿಗೆ ಬಂದಾಗ ಅವರು ಬಾಣಲೆ ಇಳಿಸಿ ಬಂದು ಕೂತರು.

ಶನಿವಾರ ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಹತ್ತು ಗಂಟೆಗೆ ವಾಚನಾಲಯಕ್ಕೆ ಹೋದೆವು. ಅಧ್ಯಕ್ಷರು ವಕೀಲರು, ಅರವತ್ತರ ಹತ್ತಿರದವರು, ಮೃದುವಾಗಿ ಮಾತಾಡುವವರು. ನಮ್ಮನ್ನು ಕೂರಿಸಿ ಕಾಫಿ ತರಿಸಿದರು. ಪುಸ್ತಕ ಹಿಂದಕ್ಕೆ ಬೇಕು ಎಂದೆ. ದಾನ ಬಂದದ್ದನ್ನು ಹಿಂದಕ್ಕೆ ಕೊಡುವ ಪದ್ಧತಿ ಇಲ್ಲ ಎಂದರು. ಹಾಗಾದರೆ ಓದಲು ಕೊಡಿ ಎಂದೆ. ಅದು ಪರಿಶೀಲನೆಯಲ್ಲಿದೆ ಎಂದರು. ಯಾರು ಪರಿಶೀಲಿಸುತ್ತಿದ್ದಾರೆ ಎಂದದ್ದಕ್ಕೆ ಕಾಫಿ ಆರುತ್ತದೆ, ಕುಡಿಯಿರಿ ಎಂದರು.

"ನೋಡ್ರಿ ಅಕ್ಕೋರೆ," ಎಂದರು ಕೊನೆಗೆ, "ನಮ್ಮ ಊರು ಗಿರಣಿಯಿಂದ ಬೆಳೆದ ಊರು. ಹೊಗೆ ಬ್ಯಾಡ, ನೀರು ಕೆಡಿಸಬ್ಯಾಡ ಅಂತ ಹೆಣ್ಮಕ್ಕಳ ತಲ್ಯಾಗೆ ತುಂಬಿದ್ರೆ ನಾಳೆ ಕೂಲಿಗಾರ ಎಲ್ಲಿಗೆ ಹೋಗಬೇಕು?"

ಆ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ನನ್ನ ತಂದೆಯೇ ಗಿರಣಿಯಲ್ಲಿ ದುಡಿದು ನನ್ನನ್ನು ಓದಿಸಿದವರು. ಹಾಗೆಂದೇ ಹೇಳಿದೆ. ಗಿರಣಿ ಮುಚ್ಚಿ ಎಂದು ಪುಸ್ತಕದಲ್ಲಿ ಎಲ್ಲಿಯೂ ಇಲ್ಲ, ಕೊಳಚೆಯನ್ನು ಹೊಂಡದಲ್ಲಿ ನಿಲ್ಲಿಸಿ ತಿಳಿಮಾಡಿ ಬಿಡಿ ಎಂದಿದೆ, ನೀವು ಓದಿದ್ದೀರಾ ಎಂದು ಕೇಳಿದೆ. ಅವರು ಓದಿರಲಿಲ್ಲ. ಗೋಡೆಯ ಮೇಲೆ ನಿಯಮಗಳ ಹಲಗೆ ತೂಗುಹಾಕಿತ್ತು. ಚಂದಾದಾರರು ಯಾವ ಪುಸ್ತಕವನ್ನಾದರೂ ಇಲ್ಲಿಯೇ ಕೂತು ಓದಬಹುದು ಎಂಬುದು ಅದರ ಎರಡನೇ ಸಾಲು. ಶಾಂತಾ ತನ್ನ ಚಂದಾ ಚೀಟಿಯನ್ನು ಮೇಜಿನ ಮೇಲೆ ಇಟ್ಟಳು. ಚೀಟಿಯ ಮೇಲಿಂದ ಕೈ ತೆಗೆಯಲಿಲ್ಲ.

ಅಧ್ಯಕ್ಷರು ಹಲಗೆಯನ್ನು ನೋಡಿದರು, ಗಡಿಯಾರ ನೋಡಿದರು. "ಐದಕ್ಕೆ ಬಾಗಿಲು ಹಾಕ್ತೀವಿ" ಎಂದು ಎದ್ದುಹೋದರು. ಬೀಗದ ಕೈ ಗ್ರಂಥಪಾಲಕ ರುದ್ರಯ್ಯನವರ ಹತ್ತಿರ ಇತ್ತು. ಅವರು ಪುಸ್ತಕ ತಂದು, ಧೂಳು ಒರೆಸಿ ನನ್ನ ಮುಂದಿಟ್ಟು, ತಾವೂ ಎರಡು ಅಧ್ಯಾಯ ಓದಿದ್ದಾಗಿ ತಗ್ಗಿದ ದನಿಯಲ್ಲಿ ಹೇಳಿದರು.

ಹೊರಗೆ ಒಯ್ಯುವಂತಿಲ್ಲದ ಪುಸ್ತಕವನ್ನು ಹೊರಗೆ ಒಯ್ಯಲು ಒಂದೇ ದಾರಿ ಉಳಿದಿತ್ತು, ಆರನೇ ಅಧ್ಯಾಯವನ್ನಾದರೂ ಬರೆದುಕೊಳ್ಳುವುದು. ಶಾಂತಾ ಓಡಿಹೋಗಿ ನೋಟ್‌ಬುಕ್ಕುಗಳನ್ನು ತಂದಳು. ಮಧ್ಯಾಹ್ನಕ್ಕೆ ಅವಳ ಓದುಬಳಗದ ನಾಲ್ವರು ಬಂದರು. ನಾನು ಸಾಲು ಸಾಲಾಗಿ ಕನ್ನಡಕ್ಕೆ ಮಾಡಿ ಪಿಸುದನಿಯಲ್ಲಿ ಹೇಳಿದೆ, ಅವರು ಬರೆದರು. ಒಬ್ಬರ ಕೈ ಸೋತರೆ ಇನ್ನೊಬ್ಬರು. ಪತ್ರಿಕೆ ಓದಲು ಬಂದ ಗಂಡಸರು ಕನ್ನಡಕದ ಮೇಲಿಂದ ನೋಡಿದರು. ಸದ್ದು ಮಾಡಬಾರದು ಎಂಬ ನಿಯಮವೂ ಹಲಗೆಯಲ್ಲಿತ್ತು, ಅದನ್ನು ನಾವು ಮುರಿಯಲಿಲ್ಲ. ಐದಕ್ಕೆ ಐದು ನಿಮಿಷ ಇರುವಾಗ ಆರನೇ ಅಧ್ಯಾಯದ ಕೊನೆಯ ಸಾಲು ಮುಗಿಯಿತು. ಶಾಂತಾ ಬಹಳ ದಿನದ ಮೇಲೆ ನಕ್ಕಳು.

ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಹರಿಹರಕ್ಕೆ ಹೋದೆವು. ಒಂಬತ್ತೇ ಮೈಲಿ, ಆದರೆ ಬಸ್ಸು ದಾರಿಯಲ್ಲಿ ಎರಡು ಸಲ ನೀರು ಕುಡಿಯಿತು. ಹರಿಹರ ಶಾಂತಾಳ ತವರು. ಅವಳ ತವರುಮನೆಗೆ ಬಟ್ಟೆ ಒಗೆಯುವ ಹನುಮಕ್ಕನಿಗೆ ಆ ಅಧ್ಯಾಯ ಓದಿ ಹೇಳಬೇಕೆಂಬುದು ಶಾಂತಾಳ ಆಸೆ. ಹೊಳೆಯ ವಿಷಯ ಹೊಳೆಯಲ್ಲಿ ದಿನವೆಲ್ಲ ನಿಲ್ಲುವವಳಿಗಲ್ಲದೆ ಇನ್ಯಾರಿಗೆ ಎಂದು ದಾರಿಯುದ್ದಕ್ಕೂ ಹೇಳಿದಳು.

ಹನುಮಕ್ಕ ನಮಗೆ ಹೊಳೆಯಲ್ಲೇ ಸಿಕ್ಕಳು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಅವಳ ಗಂಡ ದಂಡೆಯ ಮೇಲೆ ಉಬ್ಬೆಯ ಹಂಡೆಗೆ ಬೆಂಕಿ ಹಾಕಿ ಬಟ್ಟೆ ಬೇಯಿಸುತ್ತಿದ್ದ. ಇನ್ನೂ ಐದಾರು ಹೆಂಗಸರು ನೀರಿನಲ್ಲಿದ್ದರು. ಅವರಿಂದ ಕೂಗಳತೆ ಮೇಲಕ್ಕೆ ಕಾರ್ಖಾನೆಯ ಮೋರಿ ಹೊಳೆಗೆ ಸೇರುತ್ತಿತ್ತು. ಅದರ ಮೇಲಿನ ದಂಡೆಗೆಲ್ಲ ಮುಳ್ಳುತಂತಿಯ ಬೇಲಿ. ಕೊನೆಯ ನಾಲ್ಕು ಗೂಟಗಳನ್ನು ನೀರಿನೊಳಗೇ ನೆಟ್ಟಿದ್ದರು. ಒಗೆಯುವ ಹಳೆಯ ಬಂಡೆಗಳು ಬೇಲಿಯ ಆಚೆ ಉಳಿದಿದ್ದವು. ಹೋದ ವರ್ಷ ಬೇಲಿ ಹಾಕಿದ ಮೇಲೆ ಇವರೆಲ್ಲ ಮೋರಿಯ ಕೆಳಗೆ ಬಂದಿದ್ದರು.

ಶಾಂತಾ ಮರಳ ಮೇಲೆ ಕೂತು ಓದತೊಡಗಿದಳು. ಹನುಮಕ್ಕ ಒಗೆಯುತ್ತಲೇ ಕೇಳಿದಳು. ಮೋರಿ ಸೇರುವಲ್ಲಿಂದ ಮೇಲಿನದು ಒಂದು ಹೊಳೆ, ಕೆಳಗಿನದು ಬೇರೆಯೇ ಹೊಳೆ ಎಂಬ ಮಾತು ಬಂದಾಗ ಅವಳ ಕೈ ನಿಂತಿತು.

"ಇನ್ನೊಂದ್ಸಲ ಓದ್ರಿ ಅದನ್ನ."

ಶಾಂತಾ ಮತ್ತೆ ಓದಿದಳು. ಇದನ್ನು ಬರೆದವನು ನಮ್ಮ ಹೊಳೆಗೆ ಬಂದಿದ್ದನೇ ಎಂದು ಹನುಮಕ್ಕ ಕೇಳಿದಳು. ಇಲ್ಲ, ಸಮುದ್ರದಾಚೆಯವನು, ನಮ್ಮ ಊರಿನ ಹೆಸರನ್ನೂ ಕೇಳಿರಲಾರ ಎಂದೆ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿ ಕಲ್ಲಿನ ಮೇಲಿಟ್ಟಳು. ಆಮೇಲೆ ನೀರಿನಿಂದ ಎದ್ದು ಬಂದು ನಮ್ಮ ಮುಂದೆ ಎರಡೂ ಅಂಗೈ ಚಾಚಿದಳು. ಬೆರಳ ಸಂದಿಯಲ್ಲೆಲ್ಲ ಚರ್ಮ ಸೀಳಿತ್ತು.

"ನಾಕು ಮನಿ ಬಿಟ್ಟೋದ್ವು ಈ ವರ್ಷ. ಧೋತ್ರ ಕೆಂಪಗೆ ಬಂದೈತೆ ಅಂತ ಒಬ್ರು ಮುಖದ ಮ್ಯಾಲೇ ಒಗೆದ್ರು. ನಿನಗೆ ವಯಸ್ಸಾತು, ಮನಸಿಟ್ಟು ಒಗಿಯಲ್ಲ ಅಂದ್ರು. ನಾನೂ ಹಂಗೇ ಅನ್ಕೊಂಡಿದ್ನಿ, ಅವ್ವಾರೆ. ನನ್ನ ಕೈದೇ ತಪ್ಪು ಅಂತ."

ಪುಸ್ತಕದಲ್ಲಿ ಹೇಳಿದಂತೆ ಕಲ್ಲು ಎತ್ತಿ ನೋಡೋಣ ಎಂದೆ. ಹೆಂಗಸರೆಲ್ಲ ಬಂದರು. ಮೋರಿಯ ಕೆಳಗಿನ ಕಲ್ಲುಗಳನ್ನು ಮಗುಚಿದೆವು. ಲೋಳೆ, ಅದರಲ್ಲಿ ಕೆಂಪು ದಾರದಂಥ ಹುಳ, ಬೇರೆ ಏನೂ ಇಲ್ಲ. ಮೇಲಿನ ಕಲ್ಲು ನೋಡಬೇಕಾದರೆ ಬೇಲಿ ದಾಟಬೇಕಿತ್ತು. ಹನುಮಕ್ಕ ಸೀರೆ ಎತ್ತಿಕಟ್ಟಿ, ತೊಡೆಮಟ್ಟದ ನೀರಿನಲ್ಲಿ ಕೊನೆಯ ಗೂಟವನ್ನು ಸುತ್ತುಹಾಕಿ ಆಚೆ ಹೋದಳು. ನಾವೂ ಹೋದೆವು. ಅಲ್ಲಿ ಮೊದಲನೇ ಕಲ್ಲಿನಡಿಯಲ್ಲೇ ತಿಳಿನೀರಿನಲ್ಲಷ್ಟೇ ಬಾಳುವ, ಮೂರು ಬಾಲದ ಪುಟ್ಟ ಹುಳಗಳು ಚದುರಿ ಓಡಿದವು. ಎರಡನೆಯದರಲ್ಲಿ ಮರಳಿನ ಗೂಡು, ಪುಸ್ತಕದ ಚಿತ್ರದಲ್ಲಿ ಇದ್ದಂತೆಯೇ. ನಾನು ಹದಿನೈದು ವರ್ಷದಿಂದ ಪಾಠ ಹೇಳಿದವಳು, ಆ ಗೂಡನ್ನು ಕಣ್ಣಾರೆ ಕಂಡದ್ದು ಅಂದೇ.

ಹನುಮಕ್ಕನಿಗೆ ಅದು ಹೊಸದಲ್ಲ. ಅವಳು ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಿದಳು. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಮರಳಿನಲ್ಲಿ ತೋಡುವ ಒರತೆ ಈ ವರ್ಷ ಮೋರಿಯ ಕೆಳಗೆಲ್ಲ ವಾಸನೆ ಹೊಡೆಯುತ್ತಿದೆ, ಮರಳೂ ಸೋಸುವುದನ್ನು ಬಿಟ್ಟಿದೆ ಎಂದಳು. ಶಾಂತಾ ಅದನ್ನು ನೋಟ್‌ಬುಕ್ಕಿನಲ್ಲಿ ಆರನೇ ಅಧ್ಯಾಯದ ಕೆಳಗೇ, ಗೆರೆ ಹಾಕದೆ, ಹಾಗೆಯೇ ಮುಂದುವರಿಸಿ ಬರೆದಳು.

ಅಷ್ಟರಲ್ಲಿ ಕಾರ್ಖಾನೆಯ ಮೇಸ್ತ್ರಿ ಬಂದ. ಇದು ಸಾಹುಕಾರರ ಜಾಗ, ಈಚೆ ಬರಬಾರದೆಂದು ಎಷ್ಟು ಸಲ ಹೇಳಬೇಕು ಎಂದು ಗದರಿದ. ನನ್ನನ್ನೂ ಶಾಂತಾಳನ್ನೂ ಕಂಡು ದನಿ ಸ್ವಲ್ಪ ಇಳಿಸಿದ. ನಾನು ಬಾಯಿ ತೆರೆಯುವ ಮೊದಲೇ ಹನುಮಕ್ಕ ಮಾತಾಡಿದಳು. ಕೂಗಲಿಲ್ಲ.

"ನೀರಾಗೂ ಗೂಟ ಹೊಡ್ದೀರಲ್ಲಪ್ಪ, ನೀರಿಗೂ ಪಟ್ಟಾ ಮಾಡಿಸ್ಕೊಂಡಾರೇನು ನಿಮ್ಮ ಸಾಹುಕಾರ್ರು? ಹೋಗಿ ಕರ್ಕೊಂಡು ಬಾ. ಈ ಕಲ್ಲು ನಮ್ಮತ್ತಿ, ಅವರತ್ತಿ ಒಗೆದು ಸವೆಸಿದ್ದು. ನಾನು ಇಲ್ಲೇ ಇರ್ತೀನಿ."

ಮೇಸ್ತ್ರಿ ಹೋದ. ಸಾಹುಕಾರರು ಬರಲಿಲ್ಲ, ಊರಲ್ಲಿ ಇರಲಿಲ್ಲವೋ ಏನೋ. ಹನುಮಕ್ಕ ಗಂಡನನ್ನು ಕೂಗಿ ಗಂಟುಗಳನ್ನು ತರಹೇಳಿದಳು. ಅವನು ಹಿಂದೆಮುಂದೆ ನೋಡಿದ. ನಾಳೆ ಪೊಲೀಸರು ಬಂದರೆ ಎಂದ. ಬರಲಿ, ಅವರ ಖಾಕಿಯನ್ನೂ ಒಗೆದುಕೊಡುವವರು ನಾವೇ ಎಂದಳು ಅವಳು. ಹೆಂಗಸರು ನಕ್ಕರು. ಗಂಟುಗಳು ಒಂದೊಂದಾಗಿ ತಲೆಯ ಮೇಲೆ ಏರಿ, ಗೂಟವನ್ನು ಸುತ್ತಿ, ಮೇಲಿನ ಬಂಡೆಗಳಿಗೆ ಬಂದವು. ಒಂದು ಗಂಟು ನಾನೂ ಹೊತ್ತೆ. ಒದ್ದೆ ಬಟ್ಟೆಯ ತೂಕ ಏನೆಂದು ಅದುವರೆಗೆ ನನಗೆ ಗೊತ್ತಿರಲಿಲ್ಲ.

ಆಮೇಲೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಪುಸ್ತಕ ಬೀರುವಿಗೇ ಮರಳಿತು. ವಾಚನಾಲಯದ ಹಿಂದಿನ ಕೋಣೆ ಶನಿವಾರ ಹೆಂಗಸರಿಗೆ ಸಿಗುವುದು ನಿಂತಿತು. ಓದುಬಳಗ ಶಾಂತಾಳ ಮನೆಯ ಜಗಲಿಗೆ ಬಂತು, ಅತ್ತೆಯವರೇ ಚಾಪೆ ಹಾಸುತ್ತಾರಂತೆ. ಮೋರಿ ಇನ್ನೂ ಹೊಳೆಗೆ ಬೀಳುತ್ತಿದೆ. ಪುರಸಭೆಗೆ ಕೊಟ್ಟ ಅರ್ಜಿಗೆ ಉತ್ತರ ಬಂದಿಲ್ಲ, ಎರಡನೆಯದನ್ನು ಬರೆಯುತ್ತಿದ್ದಾರೆ. ಮಡಿವಾಳರನ್ನು ಮೇಲಿನ ಬಂಡೆಗಳಿಂದ ಯಾರೂ ಎಬ್ಬಿಸಿಲ್ಲ. ಬಿಟ್ಟುಹೋದ ನಾಲ್ಕು ಮನೆಗಳಲ್ಲಿ ಎರಡು ತಿರುಗಿ ಬಂದವಂತೆ. ಧೋತ್ರವನ್ನು ಮುಖಕ್ಕೆ ಎಸೆದವರು ತಾವಾಗಿ ಬಂದು ಕೇಳಿದರೂ ಅವರ ಮನೆಯ ಬಟ್ಟೆಯನ್ನು ಹನುಮಕ್ಕ ಮುಟ್ಟಲಿಲ್ಲವಂತೆ.

ಆ ಭಾನುವಾರ ರಾತ್ರಿ ಶಾಂತಾಳ ತವರಿನಲ್ಲಿ ಉಳಿದು, ಸೋಮವಾರ ಬೆಳಿಗ್ಗೆ ಹರಿಹರದಲ್ಲೇ ಗಾಡಿ ಹತ್ತಿದೆ. ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಗಾಡಿ ಸೇತುವೆಗೆ ಬಂದಾಗ ತಲೆ ಹೊರಗೆ ಹಾಕಿ ನೋಡಿದೆ. ಅಂದು ಮೋರಿಯ ನೀರು ಹಸಿರಾಗಿತ್ತು. ಅದರ ಮೇಲುಗಡೆ ಹೆಂಗಸರು ಆಗಲೇ ಒಗೆತ ಶುರುಮಾಡಿದ್ದರು. ಸಾಹುಕಾರರ ಮುಳ್ಳುತಂತಿಯ ಬೇಲಿಯುದ್ದಕ್ಕೂ, ದಂಡೆಯಿಂದ ನೀರೊಳಗಿನ ಕೊನೆಯ ಗೂಟದವರೆಗೂ, ಊರಿನ ಧೋತ್ರಗಳು ಬೆಳ್ಳಗೆ ಒಣಗುತ್ತಿದ್ದವು.