ಹತ್ತು ನಿಮಿಷದ ರಾಜವಂಶ

ನನ್ನ ಮಾವನವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಬಾನೆಟ್ ಎತ್ತಿದರೆ ಬ್ಯಾಟರಿ ಯಾವುದು, ರೇಡಿಯೇಟರ್ ಯಾವುದು ಎಂದೂ ತಿಳಿಯುತ್ತಿರಲಿಲ್ಲ. ಅಂಥವರನ್ನು ಪ್ರತಿ ಶನಿವಾರ ಮೀರಾ ಮೆಸಾದ ನಮ್ಮ ಮನೆಯಿಂದ ಲಾಸ್ ಏಂಜಲೀಸಿನ ಒಂದು ಕಾರ್ ಮ್ಯೂಸಿಯಂಗೆ, ಗೈಡ್ ಕೆಲಸಕ್ಕೆಂದು ನಾನು ಕರೆದುಕೊಂಡು ಹೋಗುತ್ತಿದ್ದೆ. ಸಂಬಳವಿಲ್ಲದ ಕೆಲಸ. ಹೋಗುವುದಕ್ಕೆ ಎರಡು ಗಂಟೆ, ಬರುವುದಕ್ಕೆ ಎರಡೂವರೆ. ಗಂಡನನ್ನು ಕೇಳಿದರೆ ‘ನಂಗೆ ಕಾಲ್ ಇದೆ ಕಣೇ’ ಎನ್ನುತ್ತಿದ್ದ. ಶನಿವಾರ ಬೆಳಿಗ್ಗೆ ಯಾವ ಪುಣ್ಯಾತ್ಮ ಇವನಿಗೆ ಕಾಲ್ ಮಾಡುತ್ತಿದ್ದನೋ, ನನಗಂತೂ ಇವತ್ತಿಗೂ ತಿಳಿದಿಲ್ಲ.

ಮಾವ ಬಾದಾಮಿಯಲ್ಲಿ ಹೈಸ್ಕೂಲ್ ಇತಿಹಾಸದ ಮಾಸ್ತರರಾಗಿದ್ದವರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಬಂದರು. ಮೊದಲ ವರ್ಷವಿಡೀ ಸೋಫಾದ ಒಂದೇ ಮೂಲೆಯಲ್ಲಿ ಕೂತರು. ನನ್ನ ಮಗಳಿಗೆ ಪಾಠ ಹೇಳಿಕೊಡಲು ಹೋದರೆ ಅವಳು ‘ಇಟ್ಸ್ ಓಕೆ, ಅಜ್ಜ’ ಎಂದು ಪುಸ್ತಕ ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು. ಮೂವತ್ತೆಂಟು ವರ್ಷ ಪಾಠ ಹೇಳಿದ ಬಾಯಿ. ಕೇಳುವವರೇ ಇಲ್ಲದೆ ಮನುಷ್ಯ ಕಣ್ಣೆದುರಿಗೇ ಸೊರಗಿ ಹೋಗುತ್ತಿದ್ದರು.

ಕೊನೆಗೆ ಲೈಬ್ರರಿಗೆ ಬಿಟ್ಟು ಬರತೊಡಗಿದೆ. ಅಲ್ಲಿ ಇತಿಹಾಸದ ಕಪಾಟಿನಲ್ಲಿ ಇವರ ಕೈಗೆ ಸಿಕ್ಕಿದ್ದು ಏನಪ್ಪಾ ಅಂದರೆ, ಇಂಗ್ಲೆಂಡಿನಲ್ಲಿ ದುಬಾರಿ ಸ್ಪೋರ್ಟ್ಸ್ ಕಾರು ತಯಾರಿಸುವ ಒಂದು ಕಂಪನಿಯ ಚರಿತ್ರೆ. ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಮೂರು ದಿನಕ್ಕೆ ಓದಿ ಮುಗಿಸಿ ಅಡುಗೆಮನೆಗೆ ಬಂದರು.

‘ಇದು ಕಾರ್ ಕಂಪನಿ ಅಲ್ಲ ನೋಡವಾ, ರಾಜಮನೆತನ ಐತಿ! ಒಬ್ಬಾವ ಕಟ್ಟತಾನ, ರೊಕ್ಕ ಖಾಲಿ ಆಗತೈತಿ, ಇನ್ನೊಬ್ಬಾವ ಬರತಾನ. ಚಾಲುಕ್ಯರು ಹೋದರು, ರಾಷ್ಟ್ರಕೂಟರು ಬಂದರು, ಹಂಗ.’

ಅವತ್ತೇ ಇನ್ನೂರು ಪುಟದ ನೋಟ್‌ಬುಕ್ ತೆಗೆದರು. ಕಂಪನಿಯ ಒಬ್ಬೊಬ್ಬ ಮಾಲೀಕನಿಗೂ ಮೂರು ತಲೆಬರಹ: ಸ್ಥಾಪನೆ, ಸಾಧನೆಗಳು, ಪತನಕ್ಕೆ ಕಾರಣಗಳು. ಮೊದಲ ಮಹಾಯುದ್ಧಕ್ಕೂ ಮುಂಚೆ ಇಬ್ಬರು ಗೆಳೆಯರು ಶುರು ಮಾಡಿದ್ದು, ರೇಸಿನಲ್ಲಿ ಹೆಸರು, ಜೇಬಿನಲ್ಲಿ ಸೊನ್ನೆ. ಆಮೇಲೆ ಕೈಯಿಂದ ಕೈಗೆ. ಎರಡನೇ ಯುದ್ಧದ ನಂತರ ಟ್ರ್ಯಾಕ್ಟರ್ ಮಾಡುತ್ತಿದ್ದ ಸಾಹುಕಾರನೊಬ್ಬ ಪತ್ರಿಕೆಯಲ್ಲಿ ಮಾರಾಟದ ಜಾಹೀರಾತು ನೋಡಿ ಕೊಂಡುಕೊಂಡನಂತೆ. ಅವನ ಕಾಲಕ್ಕೆ ಮಾವ ಕೆಂಪು ಪೆನ್ನಿನಲ್ಲಿ ‘ಸುವರ್ಣಯುಗ’ ಎಂದು ಬರೆದು ಎರಡು ಸಲ ಅಡಿಗೆರೆ ಎಳೆದಿದ್ದರು. ಅವನ ನಂತರ ಮತ್ತೆ ಪತನ, ಮತ್ತೊಬ್ಬ, ಮತ್ತೂ ಒಬ್ಬ, ಕಡೆಗೆ ಅಮೆರಿಕದ ದೊಡ್ಡ ಕಾರ್ ಕಂಪನಿ.

ಲಾಸ್ ಏಂಜಲೀಸಿನ ಮ್ಯೂಸಿಯಮ್ಮಿನಲ್ಲಿ ಆ ಕಂಪನಿಯ ಅರವತ್ತರ ದಶಕದ ಕಾರೊಂದಿದೆ ಎಂದು ತೋರಿಸಲು ಕರೆದುಕೊಂಡು ಹೋದದ್ದು ನನ್ನದೇ ತಪ್ಪು. ಗೋಡೆಯ ಮೇಲಿನ ಫಲಕದಲ್ಲಿ ಒಂದು ಇಸವಿ ತಪ್ಪಿತ್ತು. ಮಾವ ಹಿಡಿದರು. ಗೈಡ್‌ಗಳ ಮೇಲ್ವಿಚಾರಕಿ, ನೆರೆತ ತಲೆಯ ಒಳ್ಳೆಯ ಹೆಂಗಸು, ಖುಷಿಯಾಗಿ ‘ನೀವೇ ಯಾಕೆ ಗೈಡ್ ಆಗಬಾರದು?’ ಎಂದು ಕೇಳಿಬಿಟ್ಟರು. ಮುಂದಿನ ವಾರ ಇವರ ಕೋಟಿನ ಮೇಲೆ ಹೆಸರಿನ ಬ್ಯಾಡ್ಜ್. ಮನೆಯಲ್ಲೂ ಅದನ್ನು ತೆಗೆಯುತ್ತಿರಲಿಲ್ಲ. ಊಟಕ್ಕೆ ಕೂತಾಗಲೂ ಬ್ಯಾಡ್ಜ್!

ತಾಪತ್ರಯ ಅಲ್ಲಿಂದ ಶುರುವಾಯಿತು. ಒಂದು ಕಾರಿಗೆ ಹತ್ತು ನಿಮಿಷ ಎಂಬುದು ಮ್ಯೂಸಿಯಂ ನಿಯಮ. ಮಾವನಿಗೆ ಮೊದಲ ಯುದ್ಧ ಮುಗಿಸುವುದಕ್ಕೇ ಹದಿನೈದು ನಿಮಿಷ ಬೇಕು. ಜನ ಆಕಳಿಸುತ್ತಿದ್ದರು. ಕೆಲವರು ಮೆಲ್ಲಗೆ ಪಕ್ಕದ ಕಾರಿನತ್ತ ಜಾರುತ್ತಿದ್ದರು. ಇವರು ಬಿಟ್ಟಾರೆಯೇ, ‘ಎಕ್ಸ್‌ಕ್ಯೂಸ್ ಮಿ, ದಿಸ್ ಈಸ್ ಇಂಪಾರ್ಟೆಂಟ್’ ಎಂದು ವಾಪಸ್ ಕರೆಯುತ್ತಿದ್ದರು. ನಾನು ಹಿಂದೆ ನಿಂತು ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದೆ.

ಎರಡು ಸಲ ಎಚ್ಚರಿಕೆ ಬಂತು. 2007ರ ಬೇಸಿಗೆಯಲ್ಲಿ ಆ ಮೇಲ್ವಿಚಾರಕಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಮುಂದಿನ ಶನಿವಾರ ತಾವೇ ಗಡಿಯಾರ ಹಿಡಿದು ನಿಲ್ಲುತ್ತಾರೆ. ಹತ್ತು ನಿಮಿಷ ಮೀರಿದರೆ ಬ್ಯಾಡ್ಜ್ ವಾಪಸ್ ಕೊಡಬೇಕು.

ಮತ್ತೆ ಆ ಸೋಫಾದ ಮೂಲೆ ನನ್ನ ಕಣ್ಣ ಮುಂದೆ ಬಂತು. ಆಗುವುದಿಲ್ಲ ಎಂದುಕೊಂಡೆ. ಆ ವಾರ ಮಾವನನ್ನು ನಾನು ಪರೀಕ್ಷೆಗೆ ಕೂರಿಸುವ ಹುಡುಗನ ಹಾಗೆ ಅರೆದುಬಿಟ್ಟೆ. ಸಾಲದ್ದಕ್ಕೆ ಆ ವರ್ಷವೇ ಅಮೆರಿಕದವರು ಕಂಪನಿಯನ್ನು ಬೇರೆಯವರಿಗೆ ಮಾರಿದ್ದರು. ‘ಇನ್ನೊಂದು ವಂಶ ಬಂತವಾ!’ ಎಂದು ಇವರಿಗೆ ಸಂಭ್ರಮ. ನನಗೆ ಮೈ ಉರಿಯಿತು.

‘ಮಾವ, ಮಧ್ಯದ ಇಬ್ಬರನ್ನ ಬಿಟ್ಬಿಡಿ. ಯಾರಿಗೂ ಬೇಕಾಗಿಲ್ಲ.’

‘ಬಿಟ್ಟರ, ಮುಂದಿನಾವ ಎಲ್ಲಿಂದ ಬಂದ ಅಂತ ಮಂದಿ ಕೇಳಂಗಿಲ್ಲೇನು?’

‘ಯಾರೂ ಕೇಳಲ್ಲ! ಅವರಿಗೆ ಕಾರ್ ನೋಡಿದ್ರೆ ಸಾಕು, ಫೋಟೋ ತೆಗೆಸ್ಕೊಂಡ್ರೆ ಸಾಕು!’

ಬೈದೂ ಬೈದೂ ನನ್ನ ಗಂಟಲು ಬಿದ್ದುಹೋಯಿತು. ಆದರೂ ಶುಕ್ರವಾರದ ಹೊತ್ತಿಗೆ ಎಲ್ಲ ಒಂದು ಕಾರ್ಡಿಗೆ ಇಳಿದಿತ್ತು. ಶನಿವಾರ ಫ್ರೀವೇಯಲ್ಲಿ ಮೂರು ಸಲ ಹೇಳಿಸಿದೆ. ಒಂಬತ್ತೂವರೆ ನಿಮಿಷ.

ಮ್ಯೂಸಿಯಮ್ಮಿನಲ್ಲಿ ಹದಿನೈದಿಪ್ಪತ್ತು ಜನ ಸೇರಿದ್ದರು. ಮೇಲ್ವಿಚಾರಕಿ ಹಿಂದೆ ಗಡಿಯಾರ ನೋಡುತ್ತ ನಿಂತರು. ಮಾವ ಕಾರ್ಡನ್ನು ನೋಡದೆಯೇ ಶುರು ಮಾಡಿದರು. ಅಬ್ಬಾ, ಎಷ್ಟು ಚೆನ್ನಾಗಿ ಹೇಳಿದರು! ಟ್ರ್ಯಾಕ್ಟರ್ ಸಾಹುಕಾರನ ಜಾಹೀರಾತಿನ ಕಥೆಗೆ ಜನ ನಕ್ಕರು. ಒಬ್ಬರೂ ಜಾರಿಕೊಳ್ಳಲಿಲ್ಲ. ಹೊಸ ಮಾಲೀಕರ ತನಕ ಹೇಳಿ ನಿಲ್ಲಿಸಿದಾಗ ಸರಿಯಾಗಿ ಒಂಬತ್ತೂವರೆ ನಿಮಿಷ. ಆ ಹೆಂಗಸು ನನ್ನ ಕಡೆ ನೋಡಿ ತಲೆಯಾಡಿಸಿದರು. ಗೆದ್ದೆವು ಎಂದುಕೊಂಡೆ.

ಆಗ ಮುಂದೆ ನಿಂತಿದ್ದ, ಕ್ಯಾಪ್ ಹಾಕಿದ್ದ ಒಬ್ಬ ಮುದುಕ ಕೈ ಎತ್ತಿದ. ಇಂಗ್ಲೆಂಡಿನ ಉಚ್ಚಾರ.

‘ಚೆನ್ನಾಗಿ ಹೇಳಿದ್ರಿ ಸರ್. ಆದ್ರೆ ನಾನು ಆ ಫ್ಯಾಕ್ಟರೀಲಿ ಇಪ್ಪತ್ತು ವರ್ಷ ತಗಡು ಬಡಿದವನು. ನೀವು ಹೇಳಿದ ಮಾಲೀಕರಲ್ಲಿ ಒಬ್ಬನ್ನ ಒಂದೇ ಒಂದು ಸಲ ದೂರದಿಂದ ನೋಡಿದ್ದೆ. ಈ ಕಾರನ್ನ ಮಾಡಿದ್ದು ನಾವು.’

ನಾನು ಹಿಂದಿನಿಂದ ‘ಥ್ಯಾಂಕ್ಯೂ ಹೇಳಿ ಮುಗಿಸಿ’ ಎಂದು ಕೈ ಸನ್ನೆ ಮಾಡಿದೆ. ಮಾವ ನನ್ನನ್ನು ನೋಡಿದರು. ನೋಡಿಯೂ ಮುದುಕನ ಕಡೆ ತಿರುಗಿ, ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿದರು.

ಮುಗಿಯಿತು ಕಥೆ! ಮುದುಕ ಹೇಳತೊಡಗಿದ. ಅಲ್ಯೂಮಿನಿಯಂ ತಗಡನ್ನು ಮರದ ಅಚ್ಚಿನ ಮೇಲಿಟ್ಟು ಸುತ್ತಿಗೆಯಲ್ಲಿ ಬಡಿದು ಬಡಿದು ಬಾಗಿಸುವುದು. ಎಡಗಡೆ ಒಬ್ಬ ಬಡಿದರೆ ಬಲಗಡೆ ಇನ್ನೊಬ್ಬ. ಹಾಗಾಗಿ ಎರಡೂ ಕಡೆ ಎಂದೂ ಒಂದೇ ಥರ ಇರುವುದಿಲ್ಲ. ಕಣ್ಣಿಗೆ ತಿಳಿಯದು, ಕೈಗೆ ತಿಳಿಯುತ್ತದೆ. ಹೇಳುತ್ತ ಹೇಳುತ್ತ ಕೈಯನ್ನು, ಕಾರಿನ ಸುತ್ತ ಕಟ್ಟಿದ್ದ ಹಗ್ಗದ ಆಚೆ ಚಾಚಿದ. ಎಟುಕಲಿಲ್ಲ. ನನ್ನ ಮಾವ, ಬ್ಯಾಡ್ಜ್ ಹಾಕಿಕೊಂಡ ಗೈಡ್, ಯಾರೂ ದಾಟಬಾರದೆಂದು ಕಾಯಬೇಕಾದವರು, ತಾವೇ ಹೋಗಿ ಹಗ್ಗದ ಕೊಕ್ಕೆ ಬಿಚ್ಚಿದರು.

ಮುದುಕ ಒಳಗೆ ಹೋಗಿ ಮುಂದಿನ ಚಕ್ರದ ಮೇಲಿನ ತಗಡಿನ ಒಳ ಅಂಚಿಗೆ ಬೆರಳು ಹಾಕಿ ನಿಧಾನಕ್ಕೆ ಸವರಿದ.

‘ಇದು ನನ್ನ ಕೈ ಅಲ್ಲ. ಪಕ್ಕದ ಬೆಂಚಿನವನದು. ಅವನು ಎಡಚ.’

ಹೆಸರು ಹೇಳಿದ. ಮಾವ ಕಾರ್ಡಿನ ಹಿಂಬದಿ ತಿರುಗಿಸಿ, ಪೆನ್ನು ತೆಗೆದು, ‘ಸ್ಪೆಲ್ಲಿಂಗ್ ಪ್ಲೀಸ್’ ಎಂದರು.

ನಲವತ್ತು ನಿಮಿಷ ಆಯಿತು. ಜನ ಹೋದ ಮೇಲೆ ಮೇಲ್ವಿಚಾರಕಿ ಬಂದು, ಸಮಯ ಮೀರಿದ್ದನ್ನಾದರೂ ಕ್ಷಮಿಸುತ್ತಿದ್ದೆ, ಹಗ್ಗ ಬಿಚ್ಚಿದ್ದನ್ನು ಕ್ಷಮಿಸಲಾರೆ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮಾವ ಬ್ಯಾಡ್ಜ್ ಬಿಚ್ಚಿ, ಪಿನ್ನು ಚುಚ್ಚದಂತೆ ಮುಚ್ಚಿ, ಅವರ ಕೈಗೆ ಕೊಟ್ಟರು.

ಕಾರು ಹತ್ತಿದ ಮೇಲೆ ಅರ್ಧ ದಾರಿ ಕಂಡಕಂಡ ಕಾರಿಗೆಲ್ಲ ಹಾರ್ನ್ ಹೊಡೆಯುತ್ತ ಬಂದೆ. ಮಾವ ತಾವಾಗಿಯೇ ಮಾತೆತ್ತಿದರು. ಆ ಮುದುಕ ಸ್ಯಾನ್ ಪೀಡ್ರೊದಲ್ಲಿ ಮಗಳ ಮನೆಯಲ್ಲಿದ್ದಾನಂತೆ. ಅವನ ಜೊತೆ ತಗಡು ಬಡಿದವರ ಹೆಸರನ್ನೆಲ್ಲ ಬರೆದುಕೊಳ್ಳಬೇಕಂತೆ. ‘ಬರೋ ಶನಿವಾರ ಅಲ್ಲಿಗೆ ಬಿಡ್ತೀಯೇನವಾ?’

ನನಗೆ ರೇಗಿ ಹೋಯಿತು.

‘ಏನು ಮಾವ ನೀವು! ಒಂದು ವಾರ ಪ್ರಾಣ ತಿಂದು ಕಲಿಸಿದೀನಿ. ಒಂಬತ್ತೂವರೆ ನಿಮಿಷಕ್ಕೆ ಗೆದ್ದಿದ್ರಿ! ಅರ್ಧ ನಿಮಿಷ ಸುಮ್ನಿರಕ್ಕೆ ಆಗ್ಲಿಲ್ವಾ? ಯಾರೋ ಅವನ್ಯಾರೋ ಎಡಚನ ಹೆಸರಿಗೋಸ್ಕರ ಬ್ಯಾಡ್ಜ್ ಕಳ್ಕೊಂಡ್ರಲ್ಲ, ಈಗ ಆ ಹೆಸರು ಯಾರಿಗೆ ಬೇಕು?’

ಮಾವ ಕಿಟಕಿಯ ಕಡೆ ತಿರುಗಿದರು. ಬಲಗಡೆ ಸಮುದ್ರ ಶುರುವಾಗಿತ್ತು.

‘ನಮ್ಮ ಬಾದಾಮಿ ಬಂಡೆಗಲ್ಲಿನ ಮ್ಯಾಲ, ಗುಹಾ ಕೆತ್ತಿದವರು ತಮ್ಮ ಹೆಸರು ಕೆತ್ತ್ಯಾರವಾ. ಸಾವಿರದ ಮ್ಯಾಲ ವರ್ಷ ಆತು, ಇನ್ನೂ ಅದಾವು. ಹುಡುಗರನ್ನ ವರ್ಷಾ ವರ್ಷಾ ಅಲ್ಲಿಗೆ ಕರಕೊಂಡು ಹೋಗತಿದ್ದೆ. ಕಟ್ಟಿಸಿದ ಅರಸ ಯಾರು, ಇಸವಿ ಯಾವುದು, ಕೇಳತಿದ್ದೆ. ಆ ಹೆಸರು ಒಮ್ಮೆನೂ ಓದಿ ತೋರಿಸಲಿಲ್ಲ. ಪರೀಕ್ಷಾದಾಗ ಬರತಿರಲಿಲ್ಲ, ಪಿರಿಯಡ್ ಸಾಲತಿರಲಿಲ್ಲ, ಬಿಟ್ಟೆ. ಅರಸರದು ಎಲ್ಲಾ ಬಾಯಿಪಾಠ ಐತಿ. ಆ ಹೆಸರು ಒಂದೂ ನೆನಪಿಲ್ಲ ನನಗ.’

ಮುಂದಿನ ಶನಿವಾರ ಸ್ಯಾನ್ ಪೀಡ್ರೊ ತನಕ ನೂರು ಮೈಲಿ, ಟ್ರಾಫಿಕ್ಕನ್ನು ಬೈದುಕೊಂಡೇ ಡ್ರೈವ್ ಮಾಡಿದೆ. ನೋಟ್‌ಬುಕ್ ಮಾವನ ತೊಡೆಯ ಮೇಲಿತ್ತು. ಹೊಸ ಪುಟಕ್ಕೆ ಇನ್ನೂ ತಲೆಬರಹ ಹಾಕಿರಲಿಲ್ಲ. ಒಂದು ಎಂದು ಬರೆದು ಆ ಎಡಚನ ಹೆಸರು ಬರೆದಿದ್ದರು, ಕೆಳಗೆ ಎರಡು ಎಂದು ಬರೆದು ಜಾಗ ಬಿಟ್ಟಿದ್ದರು.