ಎಂಟು ದಿನದ ಸೂಟಿ

ಹೆಬ್ಬೆರಳ ಉಗುರು ಕಿತ್ತುಬಂತು, ಆ ನೆಪದಲ್ಲಿ ನನ್ನ ಸ್ಕೂಟಿಯ ಕೀಲಿ ಕಿತ್ತುಕೊಂಡರು. ನಡೆದದ್ದು ಇಷ್ಟೇ. ಮಿಕ್ಕದ್ದೆಲ್ಲ ಕಾಳಜಿಯ ಮಾತು.

ನಾಲತವಾಡದ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ತಟ್ಟಿ, ಖಡಕ್ ಮಾಡಿ, ಮುದ್ದೇಬಿಹಾಳದ ಖಾನಾವಳಿಗಳಿಗೆ ಕೊಟ್ಟು ಬರುವುದು ನನ್ನ ಕೆಲಸ. ಮೊದಲು ಬಸ್ಸಿನಲ್ಲಿ ಬುಟ್ಟಿ ಹೊತ್ತು ಹೋಗುತ್ತಿದ್ದೆ. ಸ್ಕೂಟಿ ಕಲಿತದ್ದು ಮೊಮ್ಮಗಳು ಹುಟ್ಟಿದ ಮೇಲೆ. ಆಗ ನಕ್ಕವರೇ ಈಗ ಆ ಸ್ಕೂಟಿಯ ಮೇಲೆ ಕಣ್ಣಿಟ್ಟಿದ್ದಾರೆ.

ಅವತ್ತು ಕಬ್ಬಿಣದ ಹಂಚು ಇಳಿಸುವಾಗ ಕೈ ಜಾರಿ ಬಲಗಾಲ ಹೆಬ್ಬೆರಳ ಮೇಲೆ ಬಿತ್ತು. ಡಾಕ್ಟರು ಪಟ್ಟಿ ಕಟ್ಟಿ, ‘ಎಂಟ ದಿನ ಗಾಡಿ ಮುಟ್ಟಬ್ಯಾಡ್ರಿ ಆಯಿ,’ ಎಂದರು. ಆ ಎಂಟು ದಿನ ಮನೆಗೆ ಬರುವಷ್ಟರಲ್ಲಿ ಮಗನ ಬಾಯಲ್ಲಿ ಒಂದು ತಿಂಗಳಾಗಿತ್ತು.

‘ನಮ್ಮ ಎತ್ತಿಗೂ ಸೋಮವಾರ ಒಂದ ದಿನ ಸೂಟಿ. ನನಗ ತಿಂಗಳೇನೋ?’ ಎಂದೆ. ಸೋಮವಾರ ಬಸವಣ್ಣನ ವಾರ, ಅವತ್ತು ನಾವು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ.

‘ಎತ್ತು ಹೇಳಿದ ಮಾತ ಕೇಳ್ತಾವ ಯವ್ವಾ,’ ಎಂದ ಮಗ. ಸೊಸೆ ನಕ್ಕಳು. ಕೀಲಿ ಅವಳ ಸೊಂಟ ಸೇರಿತು.

ರೊಟ್ಟಿ ಯಾರು ತಟ್ಟುತ್ತಾರೆ ಎಂದು ಕೇಳಿದರೆ, ‘ಮುದ್ದೇಬಿಹಾಳದಾಗ ನಮ್ಮವ್ವ ತಟ್ಟತಾಳ್ರಿ ಅತ್ತಿ, ನೀವು ಸುಮ್ನ ಮಕ್ಕೋರ್ರಿ,’ ಎಂದಳು. ಅವರವ್ವ ನಾಲ್ಕು ರೊಟ್ಟಿ ತಟ್ಟಿ ನಲವತ್ತು ಕಡೆ ಹೇಳಿಕೊಳ್ಳುವ ಹೆಂಗಸು. ಆದರೂ ನಂಬಿದೆ. ನನ್ನ ತಪ್ಪು ಅದೊಂದೇ.

ಒಂಬತ್ತನೆಯ ದಿನ ಮಧ್ಯಾಹ್ನ ಖಾನಾವಳಿಯ ಯಜಮಾನ ಫೋನ್ ಮಾಡಿದ. ‘ಕಾಲ ನೋವಾದ ಮ್ಯಾಲ ನಿಮ್ಮ ಕೈ ಸುಧಾರಿಸೇತಿ ನೋಡ್ರಿ ಆಯಿ! ಎಲ್ಲಾ ರೊಟ್ಟಿ ಒಂದ ಅಳತಿ, ಗಂಗಾಳದಂಗ ದುಂಡಗ!’

ಕೈಯಿಂದ ತಟ್ಟಿದ ರೊಟ್ಟಿ ಒಂದರಂತೆ ಇನ್ನೊಂದು ಇರುವುದಿಲ್ಲ. ಬೆರಳ ಗುರುತು ಬಿದ್ದಿರುತ್ತದೆ, ಅಂಚು ಅಲ್ಲಲ್ಲಿ ಸೀಳಿರುತ್ತದೆ. ಎಲ್ಲ ಒಂದೇ ಅಳತೆಯೆಂದರೆ ಅದು ಮಷಿನ್ ರೊಟ್ಟಿ. ನನ್ನ ಹೆಸರಲ್ಲಿ ಮಷಿನ್ ರೊಟ್ಟಿ ಹೋಗುತ್ತಿತ್ತು. ತಿಂಗಳು ಹೀಗೇ ಕಳೆದರೆ ಖಾನಾವಳಿಗೆ ನಾನೇಕೆ ಬೇಕು?

ಸೊಸೆ ಸ್ಕೂಟಿ ನಿಲ್ಲಿಸಿ ಒಳಗೆ ಬಂದಳು.

‘ಮಷಿನ್ನಿಂದ ತಂದೀಯೇನು?’

‘ತಂದೇನಿ. ಅವ್ರು ಛಂದ ಅಂದ್ರಿಲ್ಲೋ? ನಿಮಗೇನು ತ್ರಾಸ?’

‘ಛಂದ ಅಂದದ್ದ ತ್ರಾಸ. ಕೀಲಿ ಕೊಡು.’

‘ಇಂಥಾ ಕಾಲ ಇಟ್ಕೊಂಡು ಬ್ರೇಕ್ ಹ್ಯಾಂಗ ಹಾಕ್ತೀರಿ?’

‘ಸ್ಕೂಟಿ ಬ್ರೇಕ್ ಕೈಯಾಗ ಇರ್ತಾವ. ಇಷ್ಟ ದಿನ ಹೊಡದ್ರೂ ಗೊತ್ತಾಗಿಲ್ಲ ನಿನಗ?’

ಕೀಲಿಯನ್ನು ಕಟ್ಟೆಯ ಮೇಲೆ ಎಸೆದಳು. ನಾನು ಹಿಟ್ಟಿನ ಡಬ್ಬಿ ಎಳೆದುಕೊಂಡೆ. ಬಲಗಾಲು ಚಾಚಿ ಕೂತು ಸಂಜೆಯವರೆಗೆ ತಟ್ಟಿದೆ. ಯಾರೂ ಕೈ ಹಚ್ಚಲಿಲ್ಲ, ನಾನೂ ಕರೆಯಲಿಲ್ಲ.

ಮರುದಿನ ಬೆಳಿಗ್ಗೆ ಬೂಟಿನ ಮುಂಭಾಗ ಕತ್ತರಿಸಿ ಹೆಬ್ಬೆರಳು ಹೊರಗೆ ಬಿಟ್ಟುಕೊಂಡೆ. ರೊಟ್ಟಿಯ ಚೀಲ ಮುಂದಿಟ್ಟುಕೊಂಡು, ನಿಲ್ಲುವಲ್ಲೆಲ್ಲ ಎಡಗಾಲು ಊರಿ, ಮುದ್ದೇಬಿಹಾಳ ಮುಟ್ಟಿದೆ. ಯಜಮಾನ ಒಂದು ರೊಟ್ಟಿ ಎತ್ತಿ ನೋಡಿದ.

‘ಇವು ದುಂಡಗಿಲ್ಲಲ್ರಿ ಆಯಿ.’

‘ಇಲ್ಲ. ಚೀಲ ಇಳಿಸ್ಕೋ,’ ಎಂದೆ. ನಾನು ಗಾಡಿಯಿಂದ ಇಳಿಯಲಿಲ್ಲ.