ಗೇಟಿನ ಹತ್ತಿರ ನಿಂತು ತೆಗೆಯುವ ಕ್ಯಾಮೆರಾ

ಅಕ್ಕನ ಮನೆ ಬಜಪೆಯಲ್ಲಿ, ವಿಮಾನ ನಿಲ್ದಾಣದ ಹತ್ತಿರ. ನನ್ನದು ಫಳ್ನೀರಿನ ಒಂದು ಫ್ಲ್ಯಾಟು. ನಡುವೆ ಇರುವುದು ಒಂದು ಬಸ್ಸಿನ ದಾರಿ, ಟ್ರಾಫಿಕ್ ಇದ್ದರೆ ಒಂದು ಗಂಟೆ. ನಾಲ್ಕು ವರ್ಷ ನಾನು ಆ ದಾರಿಯಲ್ಲಿ ಅವಳ ಮನೆಗೆ ಹೋಗಲಿಲ್ಲ, ಅವಳೂ ನನ್ನ ಮನೆಗೆ ಬರಲಿಲ್ಲ. ವಿಮಾನ ಹಿಡಿಯುವುದಕ್ಕೆಂದು ಎರಡು ಸಲ ಅವಳ ಗೇಟಿನ ಎದುರೇ ಹಾದುಹೋಗಿದ್ದೆ. ಎರಡು ಸಲವೂ ರಸ್ತೆಯ ಇನ್ನೊಂದು ಬದಿಯಲ್ಲಿ ನೋಡುವಂಥದ್ದು ಏನೋ ಇತ್ತು.

ಜಗಳ ಒಂದು ಫೋಟೊದ ಮೇಲೆ. ಅಮ್ಮ ತೀರಿಕೊಂಡಾಗ ಏಳನೆಯ ದಿನದ ಪೂಜೆಗೆ ಇಗರ್ಜಿಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಹಂಚಲು ನೆನಪಿನ ಕಾರ್ಡು ಅಚ್ಚು ಹಾಕಿಸಿದೆವು. ಅದಕ್ಕೆಂದು ನಾನೇ ತೆಗೆದ ಫೋಟೊವೊಂದನ್ನು ಕೊಟ್ಟಿದ್ದೆ. ಅಮ್ಮ ತೆಂಗಿನಕಾಯಿ ತುರಿಯುವ ಮಣೆಯ ಮೇಲೆ ಕುಳಿತು ನಗುತ್ತಿರುವ ಫೋಟೊ. ಕಟ್ಟಿಸಿದ ಹಲ್ಲನ್ನು ಆಗಷ್ಟೇ ತೆಗೆದಿಟ್ಟಿದ್ದಳು, ಬೊಚ್ಚುಬಾಯಿ ತುಂಬ ನಗು. ನಾನು ತೆಗೆದ ಫೋಟೊಗಳಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ. ಕಾರ್ಡು ಕೈಗೆ ಬಂದಾಗ ನೋಡುತ್ತೇನೆ, ಅದರಲ್ಲಿ ಇದ್ದದ್ದು ಅಮ್ಮನ ಪಾಸ್‌ಪೋರ್ಟ್ ಫೋಟೊ. ತುಟಿ ಬಿಗಿದು, ಕಣ್ಣು ಅಗಲಿಸಿ, ಯಾರ ಮೇಲೋ ಸಿಟ್ಟು ಬಂದಂತೆ. ಅಕ್ಕ ನನ್ನನ್ನು ಕೇಳದೆ ಬದಲಿಸಿದ್ದಳು.

ಇಗರ್ಜಿಯ ಅಂಗಳದಲ್ಲಿ, ಹತ್ತು ಜನರ ಎದುರು, "ಇದು ಅಮ್ಮನ ಫೋಟೊ ಅಲ್ಲ, ಪೊಲೀಸರು ಹುಡುಕ್ತಿರುವವರದ್ದು" ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು, ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸುವುದು ಅಭ್ಯಾಸವಿಲ್ಲ. ಅಕ್ಕ ನರ್ಸ್ ಆಗಿದ್ದವಳು. "ರೋಗಿಗಳನ್ನೇ ನೋಡಿ ನೋಡಿ ನಿನಗೆ ಅಮ್ಮನ ಮುಖ ಮರೆತುಹೋಗಿದೆ" ಎಂದೂ ಹೇಳಿಬಿಟ್ಟೆ. ಅಮ್ಮನನ್ನು ಕೊನೆಯ ಐದು ವರ್ಷ ನೋಡಿಕೊಂಡವಳು ಅವಳು. ನಾನು ಭಾನುವಾರ ಮಧ್ಯಾಹ್ನ ಊಟಕ್ಕೆ ಹೋಗುತ್ತಿದ್ದವನು. ಅಕ್ಕ ಉಳಿದ ಕಾರ್ಡುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಬ್ಯಾಗಿನಲ್ಲಿಟ್ಟುಕೊಂಡು ಹೋದಳು. ಆಮೇಲೆ ಮಾತಿಲ್ಲ. ನೆಂಟರ ಮದುವೆಯಲ್ಲಿ ಎದುರಾದರೆ ತಲೆ ಅಲ್ಲಾಡಿಸುತ್ತಿದ್ದೆವು.

ಹೀಗಿರುವಾಗ ಅವಳ ಮಗಳು ಒಂದು ಸಂಜೆ ನಮ್ಮ ಮನೆಗೆ ಬಂದಳು. ಮದುವೆ ನಿಶ್ಚಯವಾದದ್ದು ನಮಗೆ ಹೇಗೂ ಗೊತ್ತಿತ್ತು. ಅವಳು ಬಂದದ್ದು ರೋಸ್ ವಿಷಯಕ್ಕೆ. ಮದುವೆಯ ಮುಂಚಿನ ಸಂಜೆ ಮದುಮಗಳನ್ನು ಕೂರಿಸಿ, ಹಣೆಗೆ ಎಣ್ಣೆಯ ಶಿಲುಬೆ ಇಟ್ಟು, ತೆಂಗಿನ ಹಾಲು ಹಚ್ಚಿ ಮೀಯಿಸುವ ನಮ್ಮ ಕ್ರಮಕ್ಕೆ ರೋಸ್ ಎನ್ನುತ್ತೇವೆ. ನಾವು ಮನೆಯಲ್ಲಿ ಆಡುವುದು ಕೊಂಕಣಿ. ಇಲ್ಲಿ ಅದನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಮಾಮಾ, ಮದುವೆ ದಿನಕ್ಕೆ ಫೋಟೊದವರು ಬರ್ತಾರೆ. ರೋಸ್‌ಗೆ ಯಾರಿಗೂ ಹೇಳ್ಲಿಲ್ಲ. ಅದು ನೀವು ತೆಗೀಬೇಕು."

"ನಿನ್ನ ಅಮ್ಮ ಎಂತ ಹೇಳ್ತಾಳೆ?"

"ಬೇಡ ಅಂತ ಹೇಳ್ಲಿಲ್ಲ."

"ಬೇಕು ಅಂತ?"

"ಅದೂ ಹೇಳ್ಲಿಲ್ಲ."

ಚಹಾ ಕುಡಿದು ಹೋದಳು. ಹೋಗದಿದ್ದರೆ ಮುಗಿಯಿತು ಎಂದು ನನಗೆ ಗೊತ್ತಿತ್ತು. ಮಗಳ ರೋಸ್‌ಗೂ ಬಾರದ ತಮ್ಮನನ್ನು ಯಾವ ಅಕ್ಕ ಮತ್ತೆ ಕರೆದಾಳು? ನನಗೆ ಇರುವುದು ಅವಳೊಬ್ಬಳೇ. ಆದರೆ ಹೋಗಿ ಎದುರು ನಿಂತಾಗ ಅವಳು ಮುಖ ತಿರುಗಿಸಿದರೆ? ಅದಕ್ಕೆ ನನಗೆ ಹೆದರಿಕೆ ಇತ್ತು, ಸುಳ್ಳು ಯಾಕೆ. ಹೋದ ಹಾಗೂ ಆಗಬೇಕು, ಹತ್ತಿರ ಹೋಗಲೂಬಾರದು. ಇಂಥ ಕೆಲಸಕ್ಕೆ ತಕ್ಕ ಕ್ಯಾಮೆರಾ ಯಾವುದು ಎಂದು ನಾನು ಹುಡುಕತೊಡಗಿದೆ. ನನ್ನ ಹಳೆಯ ಕ್ಯಾಮೆರಾ ಅಮ್ಮ ಹೋದ ವರ್ಷವೇ ಕೆಟ್ಟಿತ್ತು.

ಹಂಪನಕಟ್ಟೆಯ ಒಂದು ಅಂಗಡಿಗೆ ಹೋದೆ. ಅಂಗಡಿಯವರು ಗಾಜಿನ ಮೇಲೆ ಎರಡು ಕ್ಯಾಮೆರಾ ಇಟ್ಟರು. ಒಂದು ಆರಂಭದವರಿಗೆಂದು ಮಾಡಿದ ಡಿಎಸ್‌ಎಲ್‌ಆರ್, ಜೊತೆಗೆ ಒಂದು ಗಿಡ್ಡ ಲೆನ್ಸು. ಇನ್ನೊಂದು ಲೆನ್ಸು ಬಿಚ್ಚಲು ಬಾರದ ಸೂಪರ್‌ಜೂಮ್. ಗುಂಡಿ ಒತ್ತಿದರೆ ಮೂತಿ ಉದ್ದವಾಗುತ್ತಾ ಹೋಗುತ್ತದೆ, ಐವತ್ತು ಪಟ್ಟು.

"ಇದರಲ್ಲಿ ನೋಡಿ ಮಾಸ್ಟ್ರೇ," ಎಂದು ಸೂಪರ್‌ಜೂಮನ್ನು ನನ್ನ ಕೈಗೆ ಕೊಟ್ಟರು. "ಎದುರಿನ ಬಿಲ್ಡಿಂಗ್‌ನ ಮೇಲೆ ಬಟ್ಟೆ ಒಣಗ್ಲಿಕ್ಕೆ ಹಾಕಿದ್ದಾರಲ್ಲ, ಅದರ ಕ್ಲಿಪ್ಪು ಲೆಕ್ಕ ಮಾಡ್ಬಹುದು."

ಮಾಡಿದೆ. ಹನ್ನೊಂದು ಇದ್ದವು.

"ಮತ್ತೆ ಇದು?"

"ಇದು ಫೋಟೊ ಒಳ್ಳೆಯದು ಬರ್ತದೆ, ಬೆಳಕು ಕಡಿಮೆ ಇದ್ರೂ ಬರ್ತದೆ. ಆದ್ರೆ ಈ ಲೆನ್ಸಲ್ಲಿ ಹತ್ತಿರ ಹೋಗಿ ತೆಗೀಬೇಕು. ದೂರದ್ದು ಬೇಕಾದ್ರೆ ಬೇರೆ ಲೆನ್ಸ್ ತೆಕ್ಕೊಳ್ಬೇಕು. ನಿಮಗೆ ಎಂತ ತೆಗೀಲಿಕ್ಕೆ?"

"ಮನೆಯವರನ್ನು."

"ಹಾಗಾದ್ರೆ ಇದೇ ಆಯ್ತಲ್ಲ ಮಾರಾಯ್ರೇ. ಮನೆಯವರನ್ನು ತೆಗೀಲಿಕ್ಕೆ ದೂರ ಯಾಕೆ ನಿಲ್ಬೇಕು?"

ವಿಚಾರ ಮಾಡಿ ಹೇಳುತ್ತೇನೆ ಎಂದು ಹೊರಗೆ ಬಂದೆ. ಮೂರನೆಯ ಸಲ ಹೋದಾಗ ಅವರು, "ಎಂತ ಮಾಸ್ಟ್ರೇ, ಇವತ್ತು ತೆಕ್ಕೊಳ್ಲಿಕ್ಕಾ, ಅಲ್ಲ ಪುನಃ ಕ್ಲಿಪ್ಪು ಲೆಕ್ಕ ಮಾಡ್ಲಿಕ್ಕಾ?" ಎಂದು ಕೇಳಿದರು.

ಮನೆಯಲ್ಲಿ ನಾನು ಒಂದು ಹಾಳೆಯನ್ನು ನಡುವೆ ಗೀಟು ಹಾಕಿ ಎರಡು ಮಾಡಿದ್ದೆ. ಎಡಕ್ಕೆ ಡಿಎಸ್‌ಎಲ್‌ಆರ್, ಬಲಕ್ಕೆ ಸೂಪರ್‌ಜೂಮ್. ಒಳಗೆ ಬೆಳಕು ಬೀಳುವ ಸೆನ್ಸರು ಒಂದರಲ್ಲಿ ದೊಡ್ಡ ಅಂಚೆಚೀಟಿಯಷ್ಟು, ಇನ್ನೊಂದರಲ್ಲಿ ಕಿರುಬೆರಳಿನ ಉಗುರಿನಷ್ಟು. ಒಂದರಲ್ಲಿ ಮುಖ ಸ್ಪಷ್ಟ, ಹಿಂದಿನದೆಲ್ಲ ಮಸುಕು. ಇನ್ನೊಂದರಲ್ಲಿ ಎಲ್ಲವೂ ಒಂದೇ ತರ. ಎಡಬದಿ ಒಂಬತ್ತು ಅಂಶದಲ್ಲಿ ಗೆದ್ದಿತು. ಬಲಬದಿಯಲ್ಲಿ ಒಂದೇ ಒಂದು ಬರೆದಿದ್ದೆ: ಅಕ್ಕನ ಗೇಟಿನಿಂದ ಚಪ್ಪರಕ್ಕೆ ಸುಮಾರು ಇಪ್ಪತ್ತೈದು ಮೀಟರು.

ಹೆಂಡತಿ ಹಾಳೆಯನ್ನು ಓದಿ ಕನ್ನಡಕ ತೆಗೆದಳು. "ನಿಮಗೆ ಬೇಕಾದ್ದು ಕ್ಯಾಮೆರಾ ಅಲ್ಲ, ದುರ್ಬೀನು."

"ಹಕ್ಕಿ ಫೋಟೊಗೂ ಆಗ್ತದೆ" ಎಂದೆ.

"ಯಾವ ಹಕ್ಕಿ? ಕಾಗೆ ಬಿಟ್ಟು ಒಂದು ಹಕ್ಕಿಯ ಹೆಸರು ಹೇಳಿ ನೋಡುವ."

ಗಿಳಿ ಎಂದೆ. ಮರುದಿನ ಹೋಗಿ ಸೂಪರ್‌ಜೂಮ್ ತಂದೆ.

ರೋಸ್‌ನ ಸಂಜೆ ಹೆಂಡತಿ ನೇರ ಚಪ್ಪರದೊಳಗೆ ಹೋಗಿ ಅಕ್ಕನ ಕೆನ್ನೆಗೆ ಮುತ್ತು ಕೊಟ್ಟಳು. ನಾನು ಗೇಟಿನಲ್ಲಿ, ಹಲಸಿನ ಮರದ ಬುಡದಲ್ಲಿ ನಿಂತೆ. "ಬೆಳಕು ಇಲ್ಲಿಂದ ಒಳ್ಳೆಯದುಂಟು" ಎಂದು ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಮದುಮಗಳು ಬಂದು ಕುಳಿತಳು. ಹೆಂಗಸರು ವೊವಿಯೊ ಹಾಡಲು ಸುರುಮಾಡಿದರು. ನಾನು ಮೂತಿ ಉದ್ದ ಮಾಡಿ ಹತ್ತು ಫೋಟೊ ತೆಗೆದೆ. ಪರದೆಯಲ್ಲಿ ನೋಡಿದರೆ ಹತ್ತೂ ಕಪ್ಪು. ಮದುಮಗಳು ಇರಬೇಕಾದಲ್ಲಿ ಏನೋ ಬಿಳಿಯದು ಅಲುಗಾಡುತ್ತಿತ್ತು.

ಜೂಮ್ ಎಳೆದಷ್ಟೂ ಒಳಗೆ ಬರುವ ಬೆಳಕು ಕಡಿಮೆ. ಆಗ ಗಂಟೆ ಆರೂಮುಕ್ಕಾಲು, ಚಪ್ಪರದಲ್ಲಿ ಇದ್ದದ್ದು ಬಣ್ಣದ ಸಣ್ಣ ಬಲ್ಬುಗಳ ಮಾಲೆ. ಬೆಳಕು ಎನ್ನುವುದು ಹತ್ತನೇ ತರಗತಿಗೆ ನಾನು ಮೂವತ್ತು ವರ್ಷ ಮಾಡಿದ ಪಾಠ. ಎಷ್ಟೋ ಮಕ್ಕಳನ್ನು ಅದೇ ಪಾಠಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಆ ಮಕ್ಕಳಲ್ಲಿ ಯಾರೂ ಆ ದಿನ ಅಲ್ಲಿ ಇರಲಿಲ್ಲ ಎನ್ನುವುದೇ ಸಮಾಧಾನ.

ಬೆಳಕಿರುವ ಜಾಗ ಎಲ್ಲಿ ಎಂದು ಕ್ಯಾಮೆರಾವನ್ನು ಅತ್ತಿತ್ತ ತಿರುಗಿಸಿದೆ. ಚಪ್ಪರದ ಬದಿಯಲ್ಲಿ ಮನೆಯ ಬಾಗಿಲು ತೆರೆದಿತ್ತು. ಒಳಗೆ ದೇವರ ಪಟವಿರುವ ಅಲ್ತಾರಿನ ಮೇಲೆ ಟ್ಯೂಬ್‌ಲೈಟ್. ಐವತ್ತು ಪಟ್ಟಿಗೆ ಎಳೆದೆ. ಗೋಡೆ ಕಂಡಿತು, ಯೇಸುವಿನ ಪಟ ಕಂಡಿತು. ಅದರ ಕೆಳಗೆ ಒಂದು ಫ್ರೇಮು. ಫ್ರೇಮಿನಲ್ಲಿ ಅಮ್ಮ, ತುರಿಯುವ ಮಣೆಯ ಮೇಲೆ ಕುಳಿತು, ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು.

ನನ್ನ ಫೋಟೊ. ಚಿಕ್ಕದಲ್ಲ, ದೊಡ್ಡದು ಮಾಡಿಸಿ ಹಾಕಿದ್ದಳು. ಫ್ರೇಮಿನ ಕಟ್ಟು ಮಾಸಿತ್ತು, ನಿನ್ನೆ ಮೊನ್ನೆ ತೂಗಿಸಿದ್ದಲ್ಲ. ಕ್ಯಾಮೆರಾ ಕೂದಲೆಳೆಯಷ್ಟು ಸರಿದು ಅಮ್ಮ ಪರದೆಯಿಂದ ಆಚೆ ಹೋದಳು. ಮತ್ತೆ ಹುಡುಕಿ ತಂದೆ. ಅಯ್ಯೋ ದೇವರೇ, ನಾಲ್ಕು ವರ್ಷ ನಾನು ಯಾರ ಮೇಲೆ ಸಿಟ್ಟು ಮಾಡಿಕೊಂಡು ಕುಳಿತಿದ್ದೆ?

ಚಪ್ಪರದಲ್ಲಿ ಹಾಡು ನಿಂತಿತ್ತು. ನಮ್ಮ ಮನೆಯ ಕ್ರಮದಲ್ಲಿ ತಂದೆತಾಯಿ ರೋಸ್ ಹಚ್ಚಿದ ಮೇಲೆ ಮಾಮನ ಸರದಿ. ಮಾಮ ಹಚ್ಚದೆ ಬೇರೆಯವರು ಕೈ ಹಾಕುವ ಹಾಗಿಲ್ಲ. ನನ್ನನ್ನು ಬಿಟ್ಟು ಮುಂದಕ್ಕೆ ಹೋಗುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಅಕ್ಕ ತೆಂಗಿನ ಹಾಲಿನ ಬೋಗುಣಿ ಹಿಡಿದುಕೊಂಡು ನಿಂತೇ ಇದ್ದಳು. ಹಿಂದೆ ಇದ್ದ ಚಿಕ್ಕಮ್ಮ ಒಬ್ಬರು ಕೈ ಚಾಚಿದರೂ ಕೊಡಲಿಲ್ಲ. ಯಾರನ್ನೂ ಕರೆಯಲೂ ಇಲ್ಲ, ಗೇಟಿನ ಕಡೆ ನೋಡಲೂ ಇಲ್ಲ. ಜನ ಗುಸುಗುಸು ಸುರುಮಾಡಿದರು.

ನಾನು ನಡೆದೆ. ಇಪ್ಪತ್ತೈದು ಮೀಟರು ಎಂದು ಬರೆದದ್ದು ತಪ್ಪು, ಅದಕ್ಕಿಂತ ತುಂಬ ಜಾಸ್ತಿ ಉಂಟು.

ಮದುಮಗಳ ಎದುರು ನಿಂತಾಗ ಅಕ್ಕ, ರೋಗಿಗೆ ಹೇಳುವ ಧ್ವನಿಯಲ್ಲಿ, ನಾಲ್ಕು ವರ್ಷದ ಮೊದಲ ಮಾತು ಹೇಳಿದಳು.

"ಕ್ಯಾಮೆರಾ ಇಲ್ಲಿ ಕೊಡು. ಕೈ ಎಣ್ಣೆ ಆಗ್ತದೆ."

ಬೋಗುಣಿ ನನ್ನ ಕೈಗೆ ಬಂತು, ಕ್ಯಾಮೆರಾ ಅವಳ ಕೈಗೆ ಹೋಯಿತು. ಅವಳ ಕೈ ಮೊಣಕೈವರೆಗೆ ತೆಂಗಿನ ಹಾಲು. ನಾನು ಹೆಬ್ಬೆರಳನ್ನು ಪಕ್ಕದ ಬಟ್ಟಲಿನ ಎಣ್ಣೆಗೆ ಅದ್ದಿ ಹುಡುಗಿಯ ಹಣೆಯ ಮೇಲೆ ಶಿಲುಬೆ ಇಟ್ಟೆ. "ಮಾಮಾ, ಕಣ್ಣಿಗೆ ಬೇಡ" ಎಂದಳು. ನಾನೇನು ಮಾಡಲಿ, ನನಗೆ ಸರಿಯಾಗಿ ಕಾಣುತ್ತಿರಲಿಲ್ಲ. ಬದಿಯಲ್ಲಿ ಕ್ಲಿಕ್ ಎಂದು ಸದ್ದಾಯಿತು.

ಆಮೇಲೆ ಕೈ ತೊಳೆಯಲು ಬಾವಿಯ ಹತ್ತಿರ ಹೋದಾಗ ಅಕ್ಕ ನೀರು ಹೊಯ್ದಳು.

"ಅಮ್ಮನ ಆ ಫೋಟೊ ಕಂಡಿತು" ಎಂದೆ. "ಗೇಟಿನಿಂದ."

"ಅಷ್ಟು ದೂರದಿಂದ ನೋಡ್ಲಿಕ್ಕೆ ಕ್ಯಾಮೆರಾ ತೆಕ್ಕೊಂಡಿಯಾ? ಬಾಗಿಲು ಬಡಿದಿದ್ರೆ ಸಾಕಿತ್ತು."

"ಕಾರ್ಡಿಗೆ ಅದನ್ನು ಯಾಕೆ ಹಾಕಲಿಲ್ಲ?"

ಅಕ್ಕ ಚೊಂಬನ್ನು ಬಾವಿಕಟ್ಟೆಯ ಮೇಲೆ ಇಟ್ಟಳು. "ಹಲ್ಲು ಇಟ್ಕೊಳ್ಳದೆ ಅಮ್ಮ ಬಾಗಿಲಿಗೆ ಬಂದದ್ದು ನೋಡಿದ್ದೀಯಾ ನೀನು? ಮೀನಿನವಳು ಕೂಗಿದ್ರೂ ಮೊದಲು ಹಲ್ಲು ಹುಡುಕ್ತಿದ್ಳು. ಕೊನೆಗೆ ಆಸ್ಪತ್ರೆಯಲ್ಲಿ ಸಹ ಡಾಕ್ಟರು ಬರುವಾಗ ಬಾಯಿಗೆ ಸೆರಗು. ಆ ಬಾಯಿಯನ್ನು ನಾನು ಇಗರ್ಜಿಯಲ್ಲಿ ನಾನೂರು ಜನರಿಗೆ ಹಂಚುವುದಾ?"

ನಾನು ತೆಗೆದ ಅತ್ಯುತ್ತಮ ಫೋಟೊ ಎಂದು ಅದನ್ನು ಕಂಡಿದ್ದೆ. ಅಮ್ಮನ ಕಡೆಯಿಂದ ಒಮ್ಮೆಯೂ ಕಂಡಿರಲಿಲ್ಲ.

"ಅವತ್ತೇ ಹೇಳಬಹುದಿತ್ತಲ್ಲ" ಎಂದೆ.

"ನೀನು ಬಾಯಿ ಮುಚ್ಚಿದ್ರೆ ಹೇಳ್ತಿದ್ದೆ."

ತಪ್ಪಾಯಿತು ಎಂದೆ. "ಕೈಗೆ ಸಾಬೂನು ಹಾಕು, ಎಣ್ಣೆ ಹೋಗ್ಲಿಲ್ಲ" ಎಂದಳು.

ಮರುವಾರ ಕ್ಯಾಮೆರಾವನ್ನು ಅಂಗಡಿಗೆ ಹಿಡಿದುಕೊಂಡು ಹೋದೆ. ತೆಂಗಿನ ಹಾಲು ಮೂತಿಯ ಒಳಗೆ ಇಳಿದು ಗಟ್ಟಿಯಾಗಿತ್ತು. ಗುಂಡಿ ಒತ್ತಿದರೆ ಒಳಗೇನೋ ನರಳುತ್ತಿತ್ತು, ಮೂತಿ ಮುಂದೆ ಬರುತ್ತಿರಲಿಲ್ಲ. ಅಂಗಡಿಯವರು ಮೂಸಿ ನೋಡಿದರು.

"ಎಂತ ಮಾಸ್ಟ್ರೇ ಇದು, ಪಲ್ಯದ ವಾಸನೆ ಬರ್ತದೆ?"

"ರೋಸ್‌ಗೆ ಹೋಗಿತ್ತು."

"ವಾರಂಟಿಯಲ್ಲಿ ರೋಸ್ ಇಲ್ಲ ಮಾರಾಯ್ರೇ. ಫೋಟೊ ತೆಗೀಲಿಕ್ಕೆ ಆಗ್ತದೆ, ಜೂಮ್ ಒಂದು ಹೋಯ್ತು. ಇನ್ನು ಹತ್ತಿರ ಹೋಗಿ ತೆಗೀಬೇಕು."

ಮೊದಲೇ ಹೇಳಿದ್ದೆನಲ್ಲ ಎಂದು ಅವರು ಹೇಳಲಿಲ್ಲ, ಒಳ್ಳೆಯ ಮನುಷ್ಯ.

ಮೆಮೊರಿ ಕಾರ್ಡನ್ನು ಅಕ್ಕ ಮೊದಲೇ ತೆಗೆದಿಟ್ಟುಕೊಂಡಿದ್ದಳು. ಮದುವೆಯ ಗಡಿಬಿಡಿ ಮುಗಿದ ಮೇಲೆ ಫೋಟೊಗಳನ್ನೆಲ್ಲ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ನಾನು ಗೇಟಿನಿಂದ ತೆಗೆದ ಹತ್ತು ಕಪ್ಪು ಫೋಟೊಗಳೂ ಬಂದವು. ದುಬಾಯಿಯಲ್ಲಿರುವ ಚಿಕ್ಕಮ್ಮನ ಮಗನೊಬ್ಬ "ಕರೆಂಟು ಹೋಗಿತ್ತಾ?" ಎಂದು ಕೇಳಿದ. ಅಕ್ಕ ತೆಗೆದ ಒಂದು ಮಾತ್ರ ಬರಲಿಲ್ಲ. ಫೋನು ಮಾಡಿದೆ.

"ಅದು ಸರಿ ಬಂದಿಲ್ಲವಾ?"

"ಬಂದಿದೆ. ಸ್ವಲ್ಪ ಓರೆ ಉಂಟು. ನೀನು ಅಳ್ತಾ ಇದ್ದೀ, ಮೂಗಲ್ಲಿ ನೀರು."

"ಮತ್ತೆ ಗ್ರೂಪಿಗೆ ಯಾಕೆ ಹಾಕಲಿಲ್ಲ?"

"ಫ್ರೇಮ್ ಹಾಕ್ಸಿ ಒಳಗೆ ಇಟ್ಟಿದ್ದೇನೆ" ಎಂದಳು. "ಭಾನುವಾರ ಊಟಕ್ಕೆ ಬಂದಾಗ ನೋಡು."